ಅಂಗನವಾಡಿಗೆ ಬರುವ ಯಂತ್ರ ಮಗುವಿನ ಕೈಗೆ ಎಟುಕಲಿ

ಸಂಪಾದಕರಿಗೆ,

ಮಾನ್ಯರೇ,

ಹೊಸನಗರ ತಾಲ್ಲೂಕಿನ ನಮ್ಮ ಊರಿನ ಅಂಗನವಾಡಿಗೆ ನಾಲ್ಕು ವರ್ಷಗಳ ಹಿಂದೆ ದಾನಿಯೊಬ್ಬರು ದೊಡ್ಡದೊಂದು ಟಿ.ವಿ. ಕೊಡಿಸಿದರು. ಅಕ್ಷರ, ಅಂಕಿ, ಪ್ರಾಣಿಗಳ ಹೆಸರು, ಶಿಶುಗೀತೆ ಎಲ್ಲವೂ ತುಂಬಿದ್ದ ಪೆನ್‌ಡ್ರೈವ್ ಕೂಡ ಅದರ ಜೊತೆಗೆ ಬಂದಿತ್ತು. ಎರಡು ತಿಂಗಳು ನಡೆದ ಮೇಲೆ, ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಅದು ಸುಟ್ಟುಹೋಯಿತು. ಮಲೆನಾಡಿನಲ್ಲಿ ಇದು ಹೊಸದಲ್ಲ, ಆದ್ದರಿಂದ ಅದು ಕೆಟ್ಟದ್ದರ ಬಗ್ಗೆ ನನ್ನ ದೂರಿಲ್ಲ. ಕೆಡುವುದಕ್ಕೆ ಮೊದಲು, ಮೊಮ್ಮಗಳನ್ನು ದಿನವೂ ಬಿಡಲು ಹೋಗುತ್ತಿದ್ದ ನಾನು ಅಲ್ಲಿ ಕಂಡದ್ದು ಈ ಪತ್ರಕ್ಕೆ ಕಾರಣ. ಅಂಗಳದಲ್ಲಿ ಅಡಿಕೆ ಹಾಳೆಯ ಮೇಲೆ ಒಬ್ಬರನ್ನೊಬ್ಬರು ಕೂರಿಸಿ ಎಳೆಯುತ್ತಿದ್ದ, ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ ಬಸ್ಸು ಮಾಡುತ್ತಿದ್ದ ಅದೇ ಮಕ್ಕಳು ಪರದೆಯ ಮುಂದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಬ್ಬ ಹುಡುಗ ಮಾತ್ರ ಎದ್ದು ಹೋಗಿ ಪರದೆಯ ಮೇಲಿದ್ದ ಆನೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದ. ಆನೆ ಅಲುಗಲಿಲ್ಲ. ಅವನು ವಾಪಸು ಬಂದು ಕೂತ, ಮತ್ತೆ ಏಳಲಿಲ್ಲ.

ಈಗ ನಮ್ಮ ಭಾಗದಲ್ಲಿ ತಟ್ಟಿದರೆ ಉತ್ತರ ಕೊಡುವ ಟಚ್ ಪರದೆ ಮತ್ತು ಟ್ಯಾಬ್ಲೆಟ್‌ಗಳನ್ನು ಪುಟ್ಟ ಮಕ್ಕಳ ಕೇಂದ್ರಗಳಿಗೆ ಕೊಡಿಸುವ ಮಾತು ಕೇಳಿಬರುತ್ತಿದೆ. ಆ ಹುಡುಗನ ಕಷ್ಟ ಇದರಿಂದ ತೀರುತ್ತದೆಯೆಂದು ನನಗೆ ಅನ್ನಿಸುವುದಿಲ್ಲ. ಗಾಜಿನ ಮೇಲೆ ಆನೆಯನ್ನು ಮುಟ್ಟಿದರೂ ಇರುವೆಯನ್ನು ಮುಟ್ಟಿದರೂ ಬೆರಳಿಗೆ ಸಿಗುವುದು ಒಂದೇ ನುಣುಪು. ಭಾರ, ಒರಟು, ಅಂಚು, ಬಿಸಿ, ತಂಪು ಯಾವುದೂ ಇಲ್ಲ. ಮೂರರಿಂದ ಆರು ವರ್ಷದ ಮಗು ಲೋಕವನ್ನು ಅಳೆಯುವುದೇ ಇವುಗಳಿಂದ. ನಾನು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ 31 ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ನಿವೃತ್ತನಾದವನು, ತಂತ್ರಜ್ಞಾನಕ್ಕೆ ವಿರೋಧಿಯಲ್ಲ. ಅಂಗನವಾಡಿಗೆ ಎಲೆಕ್ಟ್ರಾನಿಕ್ಸ್ ಬರಲಿ, ಆದರೆ ಅದು ಮರದೊಳಗೆ, ಬಟ್ಟೆಯೊಳಗೆ, ಆಟಿಕೆಯೊಳಗೆ ಅಡಗಿಕೊಂಡು ಬರಲಿ, ಮಗು ಹಿಡಿಯುವ, ಎತ್ತುವ, ಜೋಡಿಸುವ, ಬೀಳಿಸುವ ವಸ್ತುವಿನ ರೂಪದಲ್ಲಿ ಬರಲಿ, ಮತ್ತು ಅದನ್ನು ನಮ್ಮ ಜಿಲ್ಲೆಯ ಕೈಗಳೇ ಮಾಡಲಿ ಎಂಬುದು ನನ್ನ ಬೇಡಿಕೆ.

ಇದು ಹೊಸ ವಿಚಾರವೇನೂ ಅಲ್ಲ. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ತೆರೆದ ಸಂಸ್ಥೆಗೆ ಮುಂದೆ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂತು. ಅಲ್ಲಿನ ಪಠ್ಯವೆಂದರೆ ಉಣ್ಣೆಯ ಚೆಂಡುಗಳು ಮತ್ತು ಮರದ ತುಂಡುಗಳು. 1907ರಲ್ಲಿ ರೋಮ್ ನಗರದ ಬಡ ಕೇರಿಯೊಂದರಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸೊರಿ ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣದಿಂದ 1946ರವರೆಗೂ ಭಾರತದಲ್ಲಿಯೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಸಾಧನಗಳಲ್ಲಿ ನನಗೆ ಬಹಳ ಹಿಡಿಸಿದ್ದು ಮರದ ದಿಮ್ಮಿಯೊಂದರಲ್ಲಿ ಹತ್ತು ಕುಳಿ ಕೊರೆದು, ಪ್ರತಿಯೊಂದಕ್ಕೂ ಅಳತೆಗೆ ಸರಿಯಾದ ಗುಂಡನೆಯ ತುಂಡನ್ನು ಮಾಡಿಟ್ಟ ಸಾಧನ. ಒಂದು ತುಂಡನ್ನು ತಪ್ಪು ಕುಳಿಗೆ ಹಾಕಿದರೆ ಕೊನೆಗೆ ಒಂದು ತುಂಡು ಹೊರಗೆ ಉಳಿಯುತ್ತದೆ. 'ತಪ್ಪು' ಎಂದು ಯಾರೂ ಹೇಳಬೇಕಾಗಿಲ್ಲ, ಕೆಂಪು ದೀಪ ಹತ್ತಬೇಕಾಗಿಲ್ಲ, ತಪ್ಪನ್ನು ಮರವೇ ತೋರಿಸುತ್ತದೆ. ತುಂಡಿನ ತಲೆಯಲ್ಲಿರುವ ಸಣ್ಣ ಹಿಡಿಕೆಯನ್ನು ಮೂರು ಬೆರಳಿನಲ್ಲಿ ಹಿಡಿದು ಎತ್ತಬೇಕಾಗುವುದರಿಂದ ಮುಂದೆ ಪೆನ್ಸಿಲ್ ಹಿಡಿಯುವ ಅಭ್ಯಾಸವೂ ಗೊತ್ತಿಲ್ಲದೆಯೇ ಆಗುತ್ತದೆ.

ಕಂಪ್ಯೂಟರ್ ಮಕ್ಕಳ ಕೋಣೆಗೆ ಬಂದಾಗಲೂ ಮೊದಲು ಬಂದದ್ದು ಪರದೆಯ ರೂಪದಲ್ಲಷ್ಟೇ ಅಲ್ಲ. ಜಿನೀವಾದಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞ ಪಿಯಾಜೆ ಅವರೊಂದಿಗೆ ಕೆಲಸ ಮಾಡಿ ಬಂದ ಸೆಮೋರ್ ಪ್ಯಾಪರ್ಟ್ ಮತ್ತು ಅವರ ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಅದರ 'ಆಮೆ' ನೆಲದ ಮೇಲೆ ನಿಜವಾಗಿಯೂ ಓಡಾಡುವ ಯಂತ್ರವಾಗಿತ್ತು. ಓದು ಬರಹ ಬಾರದ ಪುಟಾಣಿಗಳಿಗೆ ಅದೂ ಕಷ್ಟವೆಂದು ಕಂಡು, 1970ರ ದಶಕದ ಮಧ್ಯದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬ ಯುವತಿ ಗುಂಡಿಗಳ ಪೆಟ್ಟಿಗೆಯೊಂದನ್ನೂ, ಕಾರ್ಡುಗಳನ್ನು ಸಾಲಾಗಿ ಸಿಕ್ಕಿಸಿ ಆಮೆಯನ್ನು ನಡೆಸುವ ಇನ್ನೊಂದು ಪೆಟ್ಟಿಗೆಯನ್ನೂ ಮಾಡಿದರು. 'ಮುಂದೆ', 'ತಿರುಗು' ಎಂಬ ಆಜ್ಞೆಗಳು ಅಲ್ಲಿ ಕೈಯಲ್ಲಿ ಹಿಡಿಯುವ ಕಾರ್ಡುಗಳಾಗಿದ್ದವು. ಇದೇ ಪರ್ಲ್‌ಮನ್ ಮುಂದೆ ಕಂಪ್ಯೂಟರ್ ಜಾಲಗಳಿಗೆ ಸ್ಪ್ಯಾನಿಂಗ್ ಟ್ರೀ ಎಂಬ ನಿಯಮಾವಳಿ ಕೊಟ್ಟವರು. ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಅವರ ಹೆಸರು ಬರೆದು ಆ ಪಾಠ ಮಾಡಿದ್ದೇನೆ, ಆದರೆ ಮೂರು ನಾಲ್ಕು ವರ್ಷದ ಮಕ್ಕಳಿಗಾಗಿ ಅವರು ಕೂತು ಪೆಟ್ಟಿಗೆ ಮಾಡಿದ್ದರೆಂಬುದು ತಿಳಿದದ್ದು ನಿವೃತ್ತಿಯ ನಂತರ. ಈಗ ಕೀಬೋ ಎಂಬ ಪುಟ್ಟ ರೋಬೊ ಇದೆ. ಮಗು ಮರದ ಘನಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲಿನ ಬಾರ್‌ಕೋಡನ್ನು ಅದಕ್ಕೆ ತೋರಿಸಿದರೆ ಅದೇ ಕ್ರಮದಲ್ಲಿ ನಡೆಯುತ್ತದೆ, ಪರದೆಯೇ ಬೇಡ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯ ಕಲಿಕಾ ಏಣಿಯನ್ನೂ ಕಾರ್ಡುಗಳನ್ನೂ ನೋಡಿರುವ ಯಾರಿಗಾದರೂ ಇದು ಅಪರಿಚಿತ ಅನ್ನಿಸಲಾರದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ಆ ಪದ್ಧತಿಯಲ್ಲೂ ಮಗು ಎದ್ದು ಹೋಗಿ ತನ್ನ ಕಾರ್ಡನ್ನು ತಾನೇ ಆರಿಸಿ ತರುತ್ತದೆ.

ಟಿ.ವಿ. ಸುಟ್ಟುಹೋದ ಮೇಲೆ ಅಂಗನವಾಡಿಯ ಅಕ್ಕೋರು ಮತ್ತು ನಾನು ಸೇರಿ ಒಂದು ಹಲಗೆ ಮಾಡಿದೆವು. ಇದನ್ನು ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಬೇಡುತ್ತೇನೆ, ಏಕೆಂದರೆ ಮಕ್ಕಳಿಗಾಗಿ ಸಾಧನ ಮಾಡುವುದು ಎಂದರೇನು ಎಂಬುದು ನನಗೆ ಅರ್ಥವಾದದ್ದು ಅದರಿಂದಲೇ.

ಮೂಲ ಚೆನ್ನೆಮಣೆಯದು. ಎರಡು ಸಾಲಿನಲ್ಲಿ ಹದಿನಾಲ್ಕು ಗುಳಿ, ಒಂದೊಂದಕ್ಕೂ ಒಂದೊಂದು ಕಾಳು ಹಾಕುತ್ತಾ ಹೋಗುವ ಆಟ ನಮ್ಮ ಮನೆಗಳ ಜಗಲಿಯಲ್ಲಿ ಮಳೆಗಾಲವಿಡೀ ನಡೆಯುತ್ತಿತ್ತು. ಎಣಿಕೆಯ ತಿರುಳು, ಅಂದರೆ ಒಂದು ವಸ್ತುವಿಗೆ ಒಂದೇ ಸಂಖ್ಯೆ ಎಂಬುದು ಅದರಲ್ಲಿ ಕೈಯ ಚಲನೆಯಾಗಿಯೇ ಇದೆ. 'ಒಂದು, ಎರಡು, ಮೂರು' ಎಂದು ಇಪ್ಪತ್ತರವರೆಗೆ ಹಾಡಿನಂತೆ ಒಪ್ಪಿಸುವ ಮಗುವಿನ ಮುಂದೆ ಏಳು ಗೋಟಡಿಕೆ ಇಟ್ಟು ಎಣಿಸಲು ಹೇಳಿ ನೋಡಿದರೆ, ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ. ಬಾಯನ್ನೂ ಬೆರಳನ್ನೂ ಜೊತೆಗೆ ನಡೆಸಬೇಕು. ಹಾಗಾಗಿ ಹಲಸಿನ ಹಲಗೆಯಲ್ಲಿ ಏಳು ದೊಡ್ಡ ಗುಳಿ ತೋಡಿಸಿ, ಪ್ರತಿ ಗುಳಿಯ ಅಡಿಗೆ ತೆಳುವಾದ ಪೀಜೋ ಬಿಲ್ಲೆಯೊಂದನ್ನು ಅಂಟಿಸಿದೆ. ಬಿಲ್ಲೆಗೆ ಪೆಟ್ಟು ಬಿದ್ದರೆ ಅದು ಒಂದಿಷ್ಟು ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಮಿಡಿತವನ್ನು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ ಗ್ರಹಿಸುತ್ತದೆ. ಮಗು ಮರದ ಗುಂಡನ್ನು ಗುಳಿಗೆ ಹಾಕಿದ ಕೂಡಲೇ ಹಲಗೆ ಒಂದು ಸದ್ದು ಮಾಡಬೇಕು ಎಂಬುದು ಲೆಕ್ಕಾಚಾರ.

ಮೊದಲ ವರ್ಷ ಸದ್ದಿಗೆ ಬಜರ್ ಇಟ್ಟಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ತಗಡಿನ ಮಾಡಿನ ಕೆಳಗೆ ಆ ಕೀರಲು ಸದ್ದು ಯಾರಿಗೂ ಕೇಳಿಸಲಿಲ್ಲ. ಸದ್ದಿನ ಬದಲು ಗುಳಿಯ ಅಂಚಿಗೆ ಬಣ್ಣದ ಎಲ್‌ಇಡಿ ಹಾಕಿದೆ, ಮಕ್ಕಳು ಕುಣಿದಾಡಿದರು. ನನಗೂ ಗೆದ್ದೆನೆನ್ನಿಸಿತು. ನಾಲ್ಕು ದಿನ ಸುಮ್ಮನೆ ನೋಡಿದ ಅಕ್ಕೋರು, "ಸರ್, ಮಕ್ಕಳು ಗುಂಡನ್ನ ನೋಡ್ತಾನೇ ಇಲ್ಲ, ಲೈಟ್ ಹತ್ತಿಸೋಕೆ ಗುಳೀನ ಕುಟ್ತಾ ಇದಾರೆ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ದೀಪವೇ ಆಟವಾಗಿ, ಎಣಿಕೆ ಬಿದ್ದುಹೋಗಿತ್ತು. ಜೂಡಿ ಡಿಲೋಷ್ ಎಂಬ ಮನಶ್ಶಾಸ್ತ್ರಜ್ಞೆ 1987ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗವೊಂದಿದೆ: ಕೋಣೆಯ ಪುಟ್ಟ ಮಾದರಿಯಲ್ಲಿ ಆಟಿಕೆಯನ್ನು ಅಡಗಿಸಿ ತೋರಿಸಿದರೆ, ನಿಜವಾದ ಕೋಣೆಯಲ್ಲಿ ಅದೇ ಜಾಗದಲ್ಲಿ ಅಡಗಿಸಿಟ್ಟ ಇನ್ನೊಂದು ಆಟಿಕೆಯನ್ನು ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಹುಡುಕಿಬಿಡುತ್ತಾರೆ, ಎರಡೂವರೆ ವರ್ಷದವರಿಗೆ ಆಗುವುದಿಲ್ಲ. ಪುಟ್ಟ ಮಾದರಿ ಅವರ ಕಣ್ಣಿಗೆ ತಾನೇ ಒಂದು ಆಟಿಕೆ, ಇನ್ನೊಂದರ ಗುರುತಲ್ಲ. ಸಾಧನ ತಾನೇ ಹೆಚ್ಚು ಮಿನುಗಿದಷ್ಟೂ ಅದು ತೋರಿಸಬೇಕಾದ ವಿಷಯ ಮರೆಗೆ ಸರಿಯುತ್ತದೆ. ಅಂಗಡಿಗಳಲ್ಲಿ 'ಶೈಕ್ಷಣಿಕ' ಎಂಬ ಚೀಟಿ ಹೊತ್ತು, ಒತ್ತಿದಲ್ಲೆಲ್ಲ ಹಾಡಿ ಮಿನುಗುವ ಪ್ಲಾಸ್ಟಿಕ್ ಆಟಿಕೆಗಳ ತೊಂದರೆ ಇದೇ ಎಂದು ನನ್ನ ಅಭಿಪ್ರಾಯ.

ಎಲ್‌ಇಡಿ ಕಿತ್ತುಹಾಕಿ, ಹಲಗೆಯ ಹೊಟ್ಟೆಯೊಳಗೆ ಸಣ್ಣ ಸೊಲೆನಾಯ್ಡ್, ಅಂದರೆ ವಿದ್ಯುತ್ ಹರಿದಾಗ ಒಳಗಿನ ಕಬ್ಬಿಣದ ಸರಳನ್ನು ಚಲಿಸುವಂತೆ ಮಾಡುವ ತಂತಿಯ ಸುರುಳಿ, ಕೂರಿಸಿದೆ. ಗುಂಡು ಬಿದ್ದರೆ ಅದು ಮರಕ್ಕೆ ಒಳಗಿನಿಂದ 'ಟಕ್' ಎಂದು ಬಡಿಯುತ್ತದೆ. ಮಳೆ ಎಷ್ಟೇ ಜೋರಾಗಿ ಸುರಿಯಲಿ, ಹಲಗೆಯ ಮೇಲಿಟ್ಟ ಇನ್ನೊಂದು ಅಂಗೈಗೆ ಆ ಬಡಿತ ತಿಳಿಯುತ್ತದೆ. ಕಿವಿ ಮಂದವಾಗಿದ್ದ ಮಗುವೊಂದು ಎಲ್ಲರಿಗಿಂತ ಮೊದಲು ಇದನ್ನು ಕಂಡುಕೊಂಡು ಎರಡೂ ಕೈ ಹಲಗೆಗೆ ಒತ್ತಿ ಕೂರತೊಡಗಿತು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆದರೆ ಸೊಲೆನಾಯ್ಡ್‌ನ ಬಡಿತವನ್ನೇ ಪೀಜೋ ಬಿಲ್ಲೆಗಳು ಇನ್ನೊಂದು ಗುಂಡೆಂದು ತಿಳಿದು, ಹಲಗೆ ತನ್ನಷ್ಟಕ್ಕೆ ತಾನೇ ಬಡಿದುಕೊಳ್ಳಲು ಶುರುಮಾಡಿತು. ಒಮ್ಮೆ ಬಡಿದ ಮೇಲೆ ಅರೆಕ್ಷಣ ಯಾವ ಮಿಡಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಪ್ರೋಗ್ರಾಂ ತಿದ್ದಿದೆ. ಇದರಿಂದ ಇನ್ನೊಂದು ಕೊರತೆ ಹುಟ್ಟಿತು: ಎರಡು ಗುಂಡುಗಳನ್ನು ಒಟ್ಟಿಗೆ ಹಾಕಿದರೆ ಹಲಗೆ ಒಂದೇ ಸಲ ಬಡಿಯುತ್ತಿತ್ತು.

ನಾಲ್ಕು ವರ್ಷದ ಹುಡುಗಿಯೊಬ್ಬಳು ಅದನ್ನು ಹಿಡಿದಳು. ಎರಡನ್ನು ಒಟ್ಟಿಗೆ ಹಾಕಿ, ಕಾದು, ಮತ್ತೆ ತೆಗೆದು ಮತ್ತೆ ಹಾಕಿ, "ಅಜ್ಜ, ಇದಕ್ಕೆ ಎರಡು ಗೊತ್ತಾಗಲ್ಲ" ಎಂದಳು. ಇನ್ನೊಂದು ಸೆನ್ಸರ್ ಹಾಕಿ ಸರಿಮಾಡುವ ಯೋಚನೆಯಲ್ಲಿ ನಾನಿದ್ದಾಗ ಅಕ್ಕೋರು ತಡೆದರು. ಮರುದಿನದಿಂದ ಆ ಹುಡುಗಿ ಹಲಗೆಗೆ ಎಣಿಕೆ ಕಲಿಸಲು ಕೂತಳು. ಒಂದು ಗುಂಡು ಹಾಕುವುದು, ಬಡಿತಕ್ಕೆ ಕಾಯುವುದು, 'ಒಂದು' ಎನ್ನುವುದು. ಇನ್ನೊಂದು ಹಾಕುವುದು, ಕಾಯುವುದು, 'ಎರಡು' ಎನ್ನುವುದು. ಬಾಯಿ ಮತ್ತು ಬೆರಳು ಜೊತೆಗೆ ನಡೆಯಬೇಕೆಂದು ನಾವು ಎರಡು ವರ್ಷ ಹೆಣಗಿದ್ದು ಇದಕ್ಕಾಗಿಯೇ. ಕೆಲವೇ ದಿನಗಳಲ್ಲಿ ಉಳಿದ ಮಕ್ಕಳೂ ಅವಳನ್ನು ನೋಡಿ ಹಾಗೆಯೇ ಮಾಡತೊಡಗಿದರು. ಆ ಕೊರತೆಯನ್ನು ನಾನು ಇಂದಿಗೂ ಸರಿಪಡಿಸಿಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆಲಿಸನ್ ಡ್ರೂಯಿನ್ ಎಂಬವರು ಮಕ್ಕಳನ್ನೇ ವಿನ್ಯಾಸದ ಪಾಲುದಾರರನ್ನಾಗಿ ಕೂರಿಸಿಕೊಂಡು ಕೆಲಸ ಮಾಡುವ ಕ್ರಮವನ್ನು 1990ರ ದಶಕದಲ್ಲಿಯೇ ರೂಪಿಸಿದ್ದರು. ಟೆಂಡರ್ ಕರೆದು, ಬೆಂಗಳೂರಿನಲ್ಲೋ ದೆಹಲಿಯಲ್ಲೋ ಮಾಡಿದ್ದನ್ನು ಪೆಟ್ಟಿಗೆ ಒಡೆದು ಕೊಡುವ ಕ್ರಮದಲ್ಲಿ ಆ ಹುಡುಗಿಯ ಮಾತು ಮಾಡಿದವರ ಕಿವಿಗೆ ಮುಟ್ಟುವ ದಾರಿಯೇ ಇಲ್ಲ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಒಪ್ಪುವವನಲ್ಲ. ಚೆನ್ನೆಮಣೆಯ ಮಂಜಟ್ಟಿ ಕಾಳನ್ನಾಗಲೀ ಗಜ್ಜುಗವನ್ನಾಗಲೀ ಪುಟ್ಟ ಮಕ್ಕಳ ಕೈಗೆ ಕೊಡುವಂತಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಗುಲಗಂಜಿಯಂತೂ ವಿಷ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಭಾಗಗಳನ್ನು ಪರೀಕ್ಷಿಸುವ ಕೊಳವೆಯ ಬಾಯಿ ಸುಮಾರು 32 ಮಿ.ಮೀ. ಅಗಲ, ಅದರೊಳಗೆ ಪೂರ್ತಿ ಇಳಿಯುವ ವಸ್ತು ಅವರ ಕೈಗೆ ಹೋಗಬಾರದು. ನಮ್ಮ ಗುಂಡುಗಳು 45 ಮಿ.ಮೀ. ಇವೆ, ಹದಿನಾಲ್ಕರ ಬದಲು ಏಳೇ ಗುಳಿ ಆದದ್ದಕ್ಕೂ ಅದೇ ಕಾರಣ. ಬಟನ್ ಸೆಲ್ ಎಂಬ ಬಿಲ್ಲೆಯಾಕಾರದ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ನಿಂತರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಜಾತ್ರೆಯಲ್ಲಿ ಸಿಗುವ ಮಿನುಗುವ ಆಟಿಕೆಗಳಲ್ಲಿ ಎಷ್ಟೋ ಸಲ ಅದೇ ಇರುತ್ತದೆ, ಮುಚ್ಚಳಕ್ಕೆ ತಿರುಪು ಕೂಡ ಇರುವುದಿಲ್ಲ. ನಾವು ನಾಲ್ಕು ಪೆನ್ಸಿಲ್ ಸೆಲ್ ಹಾಕಿ ಮುಚ್ಚಳಕ್ಕೆ ತಿರುಪು ಬಿಗಿದಿದ್ದೇವೆ. ಕೇಂದ್ರ ಸರ್ಕಾರದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಅಂಗನವಾಡಿಗೆ ಏನನ್ನೇ ಕೊಡಿಸುವ ದಾನಿಗಳೂ ಆಟಿಕೆಯ ಮೇಲೆ ಐಎಸ್‌ಐ ಗುರುತು ಇದೆಯೇ ಎಂದು ನೋಡಬೇಕು. ನಮ್ಮಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಮಾಡುವುದಾದರೆ ಅದೂ ಆ ಪರೀಕ್ಷೆಗಳನ್ನು ದಾಟಲೇಬೇಕು.

ಮಲೆನಾಡಿಗೇ ವಿಶೇಷವಾದ ಕಷ್ಟವೆಂದರೆ ತೇವ. ಪುಷ್ಯ ಮಳೆಯ ಹೊತ್ತಿಗೆ ಕಪಾಟಿನೊಳಗಿನ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಗಳು ಉಬ್ಬುತ್ತವೆ, ತಂತಿಯ ತುದಿ ಕಿಲುಬು ಹಿಡಿಯುತ್ತದೆ, ಸರ್ಕ್ಯೂಟ್ ಬೋರ್ಡಿನ ಗೆರೆಗಳ ನಡುವೆ ನೀರಿನ ಪಸೆ ಕೂತು ಇಲ್ಲದ ಮಿಡಿತಗಳು ಹುಟ್ಟುತ್ತವೆ. ಬೋರ್ಡಿಗೆ ವಾರ್ನಿಷ್ ಬಳಿದು, ಹಲಗೆಗೆ ಚೆನ್ನಾಗಿ ಹದಗೊಂಡ ಹಲಸನ್ನೇ ಬಳಸಿದ ಮೇಲೆ ನಮ್ಮದು ಕಳೆದೆರಡು ಮಳೆಗಾಲ ತಡೆದಿದೆ. ಕರೆಂಟು ಮೂರು ದಿನ ಇಲ್ಲದಿದ್ದರೂ ನಡೆಯುತ್ತದೆ. ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಬಹುದು. ಇದನ್ನು ಅಕ್ಕೋರು ನನ್ನ ಸಹಾಯವಿಲ್ಲದೆ ಎರಡು ಸಲ ಮಾಡಿದ್ದಾರೆ. ಖರ್ಚು ಬಿಡಿಭಾಗಗಳಿಗೆ 900 ರೂಪಾಯಿ, ಮರ ಮತ್ತು ಬಡಗಿಯ ಕೂಲಿ 1,600 ರೂಪಾಯಿ ಆಯಿತು.

ಶಾಲೆಗೆ ಸೇರಿದ ಐದಾರು ವರ್ಷದ ಮಕ್ಕಳಿಗೆ ಇನ್ನೂ ಸುಲಭದ ಸಾಧನವೊಂದು ಅಡುಗೆಮನೆಯಲ್ಲಿಯೇ ಇದೆ. ಉಪ್ಪು ಹೆಚ್ಚಾಗಿ ಹಾಕಿ ಕಲಸಿದ ಹಿಟ್ಟಿನಲ್ಲಿ ವಿದ್ಯುತ್ ಹರಿಯುತ್ತದೆ. ಎರಡು ಉಂಡೆಗಳಿಗೆ ಪೆನ್ಸಿಲ್ ಸೆಲ್‌ಗಳ ತಂತಿ ಚುಚ್ಚಿ, ನಡುವೆ ಎಲ್‌ಇಡಿಯ ಕಾಲುಗಳನ್ನು ಸಿಕ್ಕಿಸಿದರೆ ದೀಪ ಹತ್ತುತ್ತದೆ, ಉಂಡೆಗಳು ಒಂದಕ್ಕೊಂದು ತಾಗಿದರೆ ಆರುತ್ತದೆ. ಅಮೆರಿಕದ ಸೇಂಟ್ ಥಾಮಸ್ ವಿಶ್ವವಿದ್ಯಾಲಯದಲ್ಲಿ ಆನ್‌ಮೇರಿ ಥಾಮಸ್ ಅವರ ತಂಡ ಇದನ್ನು ಮಕ್ಕಳ ಕಲಿಕೆಗೆ ಬೆಳೆಸಿತು. ದೊಡ್ಡವರೊಬ್ಬರು ಪಕ್ಕದಲ್ಲಿದ್ದು ಮಾಡಿಸಬೇಕು ಎಂಬುದನ್ನು ಬಿಟ್ಟರೆ ಇದಕ್ಕೆ ಯಾವ ತಯಾರಿಯೂ ಬೇಡ.

ಆಡಳಿತದ ದೃಷ್ಟಿಯಿಂದಲೂ ಇದಕ್ಕೆ ಅಡ್ಡಿ ಇರಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು ಆಟದ ಮೂಲಕ ಕಲಿಕೆಯನ್ನು ಒತ್ತಿ ಹೇಳಿದೆ. ಈ ಹಂತದ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಬಿಡುಗಡೆ ಮಾಡಿದ 'ಜಾದೂಯಿ ಪಿಟಾರಾ' ಎಂಬ ಕಲಿಕಾ ಸಾಮಗ್ರಿಯ ಪೆಟ್ಟಿಗೆಯಲ್ಲಿ ಇರುವುದೂ ಆಟಿಕೆ, ಒಗಟು, ಗೊಂಬೆ, ಕಾರ್ಡುಗಳೇ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಒಂದು ಗಂಟೆ ಮನೆಯ ಮೊಬೈಲಿನಲ್ಲಿಯೇ ಮುಗಿದಿರುತ್ತದೆ ಎಂಬುದು ಎಲ್ಲ ತಂದೆತಾಯಿಗಳಿಗೂ ಗೊತ್ತು.

ನಮ್ಮ ಜಿಲ್ಲೆಯಲ್ಲಿ ಮರಗೆಲಸಕ್ಕೆ ಕೊರತೆಯಿಲ್ಲ. ಸಾಗರ, ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಕುಸುರಿ ತೆಗೆದವರು. ಹಲಸಿನ ಹಲಗೆಯಲ್ಲಿ ಏಳು ಗುಳಿ ಅವರಿಗೆ ದೊಡ್ಡ ಕೆಲಸವಲ್ಲ. ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರತಿವರ್ಷ ಪ್ರಾಜೆಕ್ಟ್ ಮಾಡುತ್ತಾರೆ. ನನ್ನ ಅನುಭವದಲ್ಲಿ ಅವುಗಳಲ್ಲಿ ಬಹುಪಾಲು ಪರೀಕ್ಷೆ ಮುಗಿದ ಮರುದಿನ ಪ್ರಯೋಗಾಲಯದ ಕಪಾಟು ಸೇರುತ್ತವೆ. ಆ ವಿದ್ಯಾರ್ಥಿಗಳನ್ನು ಪ್ರಾಜೆಕ್ಟ್ ಶುರುವಾಗುವ ಮೊದಲು ಒಂದು ತಿಂಗಳು ವಾರಕ್ಕೊಮ್ಮೆಯಾದರೂ ಅಂಗನವಾಡಿಯ ಚಾಪೆಯ ಮೇಲೆ ಕೂರಿಸಬೇಕು. ಅಕ್ಕೋರುಗಳಿಗೆ ಆ ಕೆಲಸಕ್ಕೆ ಗೌರವಧನ ಕೊಡಬೇಕು. ಗರ್ಭಿಣಿಯರ ಪಟ್ಟಿ, ತೂಕದ ಪಟ್ಟಿ, ಆಹಾರದ ಲೆಕ್ಕ, ಸಮೀಕ್ಷೆಗಳ ನಡುವೆ ಇದನ್ನೂ ಬಿಟ್ಟಿಯಾಗಿ ಮಾಡಿ ಎನ್ನುವುದು ಅನ್ಯಾಯ. ಜಿಲ್ಲಾ ಪಂಚಾಯಿತಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಹಾಗೂ ಶಿವಮೊಗ್ಗದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಒಟ್ಟಿಗೆ ಕೂತು, ತೀರ್ಥಹಳ್ಳಿ, ಹೊಸನಗರ, ಸಾಗರದ ಹತ್ತು ಅಂಗನವಾಡಿಗಳಲ್ಲಿ ಇದನ್ನು ಆರಂಭಿಸಬಹುದು. ಹೊರಗಿನಿಂದ ಕೊಳ್ಳಲೇಬೇಕಾದ ಸಾಧನವಿದ್ದರೆ, ಅದನ್ನು ಒಂದು ಪೂರ್ತಿ ಮಳೆಗಾಲ ಇಲ್ಲಿನ ಕೇಂದ್ರವೊಂದರಲ್ಲಿ ಬಳಸಿ ನೋಡದೆ ಹಣ ಪಾವತಿಸಬಾರದೆಂಬ ಷರತ್ತನ್ನು ಟೆಂಡರಿನಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ದೀಪಾವಳಿ ಕಳೆದ ಕೂಡಲೇ ಮರ ಕೊಯ್ಸಿ ಅಟ್ಟಕ್ಕೆ ಹಾಕಿದರೆ ಬೇಸಿಗೆಯ ಹೊತ್ತಿಗೆ ಹಲಗೆ ಒಣಗಿ ಹದಕ್ಕೆ ಬರುತ್ತದೆ, ಮುಂದಿನ ಆರಿದ್ರಾ ಮಳೆಗೆ ಮೊದಲ ಹತ್ತು ಹಲಗೆಗಳು ಮಕ್ಕಳ ಮುಂದಿರಬಹುದು. ನಮ್ಮ ಹಲಗೆಯ ಅಳತೆ, ಸರ್ಕ್ಯೂಟಿನ ನಕ್ಷೆ, ಪ್ರೋಗ್ರಾಂ ಮತ್ತು ಎಲ್ಲೆಲ್ಲಿ ಎಡವಿದೆವೆಂದು ಅಕ್ಕೋರು ಬರೆದಿಟ್ಟ ನೋಟ್‌ಪುಸ್ತಕದ ಪ್ರತಿ, ಇವೆಲ್ಲವನ್ನೂ ಕೇಳಿದವರಿಗೆ ಹಣ ಪಡೆಯದೆ ಕೊಡಲು ಸಿದ್ಧನಿದ್ದೇನೆ. ನನ್ನ ವಿಳಾಸ ತಮ್ಮ ಕಚೇರಿಯಲ್ಲಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ